ಮುಟ್ಟಬಾರದ ತಂತಿ

ನಮ್ಮ ಮನೆಯಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಕೇಳಿಸುತ್ತಿದ್ದ ಮಾತು ‘ಮುಟ್ಬೇಡ’. ಬೆಳಿಗ್ಗೆ ಹಲ್ಲುಜ್ಜಿ ಅಡುಗೆಮನೆಯ ಹೊಸ್ತಿಲ ಬಳಿ ನಿಂತಾಗ ಅದೇ ಮಾತು, ಕಾಫಿ ಲೋಟಕ್ಕೆ ಕೈ ಚಾಚಿದಾಗ ಅದೇ ಮಾತು, ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟಾಗ ಆಶೀರ್ವಾದದ ಜಾಗದಲ್ಲೂ ಅದೇ ಮಾತು. ಹೇಳುತ್ತಿದ್ದವರು ದೊಡ್ಡತ್ತೆ, ಅಪ್ಪನ ಅಕ್ಕ. ನನಗೆ ಹನ್ನೊಂದು ವರ್ಷವಾಗಿದ್ದಾಗ ಜ್ವರವೆಂದು ಮಲಗಿದ ಅಮ್ಮ ಏಳಲಿಲ್ಲ. ಕರ್ಮಗಳೆಲ್ಲ ಮುಗಿಯುವಷ್ಟರಲ್ಲಿ ದೊಡ್ಡತ್ತೆ ನಂಜನಗೂಡಿನ ಕಡೆಯಿಂದ ಒಂದು ಟ್ರಂಕು, ಒಂದು ಮಡಿಕೋಲು ಹಿಡಿದುಕೊಂಡು ಸಿದ್ಧಾರ್ಥನಗರದ ನಮ್ಮ ಮನೆಗೆ ಬಂದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಉಳಿದ ಆಯುಷ್ಯವನ್ನೆಲ್ಲ ಮಡಿಯಲ್ಲೇ ಕಳೆದವರು. ಹಿಂದಿನ ದಿನ ಒಗೆದು, ಯಾರ ಸೋಂಕೂ ತಾಗದಷ್ಟು ಎತ್ತರದಲ್ಲಿ ಹರವಿದ ಸೀರೆಯನ್ನು ಕೋಲಿನಿಂದಲೇ ಇಳಿಸಿ ಉಟ್ಟರೆ ಮಡಿ. ಆಮೇಲೆ ಮಧ್ಯಾಹ್ನ ಅವರ ಊಟ ಮುಗಿಯುವ ತನಕ ಅವರನ್ನು ಯಾರೂ ಮುಟ್ಟುವಂತಿಲ್ಲ. ಅಷ್ಟು ಹೊತ್ತಿಗೆ ನಾನು ಶಾಲೆಯಲ್ಲಿರುತ್ತಿದ್ದೆ. ಸಂಜೆ ಮನೆಗೆ ಬಂದರೆ ದೇವರ ದೀಪಕ್ಕೆ ಮತ್ತೆ ಮಡಿ. ಹೀಗೆ ಅವರ ಕೈಗೂ ನನ್ನ ತಲೆಗೂ ಹೊತ್ತು ಕೂಡಿ ಬರುತ್ತಲೇ ಇರಲಿಲ್ಲ.

ಬೆಳಿಗ್ಗೆ ನನಗೆ ಜಡೆ ಹಾಕುವವರು ಯಾರೂ ಇರಲಿಲ್ಲವಾದ್ದರಿಂದ ಅಪ್ಪ ಒಂದು ಭಾನುವಾರ ನನ್ನನ್ನು ಲಷ್ಕರ್ ಮೊಹಲ್ಲಾದಲ್ಲಿ ತಾವು ಹೋಗುತ್ತಿದ್ದ ಕ್ಷೌರದ ಅಂಗಡಿಗೇ ಕರೆದುಕೊಂಡು ಹೋದರು. ಎತ್ತರದ ಕುರ್ಚಿಯ ಕೈಗಳ ಮೇಲೆ ಹಲಗೆಯಿಟ್ಟು ನನ್ನನ್ನು ಕೂರಿಸಿದರು. ಕತ್ತರಿ ಹಿಡಿದ ಮುದುಕರು ನನ್ನ ಗಲ್ಲ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದರು, ಕಿವಿ ಮಡಿಸಿ ಹಿಡಿದರು, ಕತ್ತಿನ ಹಿಂದೆ ಅಂಗೈಯಿಂದ ಪೌಡರು ಸವರಿದರು. ನನ್ನದು ಅಮ್ಮನದೇ ಥರದ ಕೂದಲು. ಅದು ನೆಲಕ್ಕೆ ಬೀಳುವುದನ್ನು ಕಂಡು ಅಳಬೇಕಿತ್ತು ನಾನು. ಅಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕತ್ತರಿಸುತ್ತಿರಲಿ ಎಂದುಕೊಂಡು ಕಣ್ಣು ಮುಚ್ಚಿ ಕೂತಿದ್ದೆ. ಈಗ ನಾನು ಫಿಸಿಯೋಥೆರಪಿಸ್ಟ್. ವಿಜಯನಗರದ ನನ್ನ ಪುಟ್ಟ ಕ್ಲಿನಿಕ್ಕಿನಲ್ಲಿ ದಿನವಿಡೀ ಊರವರ ಮಂಡಿ, ಭುಜ, ಸೊಂಟ ಹಿಡಿಯುವುದೇ ಕೆಲಸ. ಬೇರೆ ಯಾವ ಕೆಲಸಕ್ಕೂ ನೀನು ಲಾಯಕ್ಕಿರಲಿಲ್ಲ ಬಿಡು ಎಂದು ಗಂಡ ರೇಗಿಸುತ್ತಾನೆ. ಅವನಿಗೆ ಕ್ಷೌರದ ಅಂಗಡಿಯ ವಿಷಯ ಗೊತ್ತಿಲ್ಲ.

ಮನೆಯಲ್ಲಿದ್ದದ್ದು ಮೂರು ಜನ, ಊಟ ಮೂರು ಕಡೆ. ದೊಡ್ಡತ್ತೆ ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಉಣ್ಣುತ್ತಿದ್ದರು. ನನ್ನ ತಟ್ಟೆ ನಡುಮನೆಯಲ್ಲಿ. ಅಪ್ಪನದು ಮಹಡಿಯ ಮೇಲೆ. ಮಹಡಿಯೆಂದರೆ ತಾರಸಿ, ಅದರ ಮೂಲೆಯಲ್ಲಿ ಒಂದೇ ಒಂದು ಕೋಣೆ. ಅಮ್ಮ ಇದ್ದಾಗ ಅದು ಅವಳ ಹೊಲಿಗೆಯ ಕೋಣೆ. ಅಪ್ಪ ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವವರು. ಗೆರೆಯಲ್ಲಿ ಗಟ್ಟಿಗರು, ಮಾತಿನಲ್ಲಿ ಬಡವರು. ಅಮ್ಮ ಹೋದ ಮೇಲೆ ಇದ್ದ ನಾಲ್ಕು ಮಾತೂ ನಿಂತವು. ಹಾಗಿದ್ದ ಮನುಷ್ಯ ಒಂದು ದಿನ ಇದ್ದಕ್ಕಿದ್ದಂತೆ ಪುಸ್ತಕ ತಂದು ಓದಲು ಕೂತರು, ಪರೀಕ್ಷೆ ಕಟ್ಟಿದರು, ಹವ್ಯಾಸಿ ರೇಡಿಯೋದ ಲೈಸೆನ್ಸ್ ಪಡೆದರು. ಎಲ್ಲಿಂದಲೋ ಒಂದು ಹಳೆಯ ಸೆಟ್ಟು ತಂದು ಅಮ್ಮನ ಹೊಲಿಗೆಯಂತ್ರದ ಮೇಜಿನ ಮೇಲೆ, ಯಂತ್ರವನ್ನು ಒಳಕ್ಕೆ ಮಡಿಸಿ, ಇಟ್ಟರು. ದೊಡ್ಡತ್ತೆಗೆ ತಮ್ಮನ ತಲೆ ಕೆಟ್ಟಿತೆಂಬ ಅನುಮಾನವೇ ಬಂದಿತ್ತು.

ಸೆಟ್ಟಿದ್ದರೆ ಸಾಲದು, ಆಂಟೆನಾ ಬೇಕು. ಅಪ್ಪನಿಗೆ ಬೇಕಾದದ್ದು ಎರಡು ತೋಳು ಚಾಚಿದಂಥ ಉದ್ದನೆಯ ತಾಮ್ರದ ತಂತಿ. ನಡುವಿನಿಂದ ಕಪ್ಪು ಕೇಬಲ್ ಒಂದು ಇಳಿದು ಸೆಟ್ಟಿಗೆ ಬರಬೇಕು. ನಮ್ಮ ಸೈಟು ಆ ತೋಳುಗಳಿಗೆ ಸಾಲಲಿಲ್ಲ. ಪಕ್ಕದ ಮನೆಯ ಕೆಂಪಮ್ಮನ ತೆಂಗಿನಮರ ಕಾಂಪೌಂಡಿನ ಆಚೆ ಸರಿಯಾದ ಜಾಗದಲ್ಲಿ ನಿಂತಿತ್ತು. ಅಪ್ಪ ಕಾಂಪೌಂಡಿನ ಹತ್ತಿರ ಹೋಗಿ, ತಂತಿಯ ಸುರುಳಿ ಕೈಯಲ್ಲಿ ಹಿಡಿದು, ಏನು ಹೇಳುವುದೆಂದು ತಿಳಿಯದೆ ಮರವನ್ನೇ ನೋಡುತ್ತಾ ನಿಂತರು. ಹಸು ತೊಳೆಯುತ್ತಿದ್ದ ಕೆಂಪಮ್ಮನೇ ಕೇಳಿದಳು:

“ಅದೇನ್ ಸ್ವಾಮಿ ಅದು, ಕೇಬಲ್ ಟೀವಿಯಾ?”

“ಅಲ್ಲಮ್ಮ, ರೇಡಿಯೋ. ದೂರದೋರ ಹತ್ರ ಮಾತಾಡಕ್ಕೆ.”

“ಮಾತಾಡಕ್ಕಾ? ನೀವಾ?” ಕೆಂಪಮ್ಮ ಹಸುವಿನ ಬೆನ್ನಿಗೆ ಒರಗಿ ನಕ್ಕಳು. “ಕಟ್ಕಳಿ ಬುಡಿ ಸ್ವಾಮಿ, ಅದ್ಕೇನಂತೆ. ನಾಳೆ ಕಾಯಿ ಕೀಳೋನು ಬತ್ತಾನೆ, ಅವ್ನ ಕೈಲೇ ಕಟ್ಟುಸ್ಬುಡಾನ. ಎಂಗೋ ನಿಮ್ ಬಾಯಿ ಬುಟ್ರೆ ಸಾಕು.”

ಹಾಗೆ ಒಂದು ತೋಳು ತೆಂಗಿನಮರಕ್ಕೆ ಹೋಯಿತು, ಇನ್ನೊಂದು ನಮ್ಮ ತಾರಸಿಯ ಮೂಲೆಯ ಕಬ್ಬಿಣದ ಪೈಪಿಗೆ. ತುದಿಗಳಲ್ಲಿ ಪ್ಲಾಸ್ಟಿಕ್ ಪೈಪಿನ ತುಂಡು ಕಟ್ಟಿ, ತಂತಿ ಮರಕ್ಕಾಗಲಿ ಕಬ್ಬಿಣಕ್ಕಾಗಲಿ ತಾಗದಂತೆ ಅಪ್ಪ ನೈಲಾನ್ ಹಗ್ಗ ಬಿಗಿದರು. ನಡುವಿನ ಜೋಡಣೆಗೆ ಬೆಸುಗೆ ಹಾಕಿ, ಟೇಪು ಸುತ್ತಿ, ನೀರು ಇಳಿಯದ ಹಾಗೆ ಮೇಣದಬತ್ತಿ ಕರಗಿಸಿ ಹುಯ್ದರು. ಕೇಬಲ್ಲನ್ನು ಕಿಟಕಿಯ ಚೌಕಟ್ಟಿನ ತೂತಿನೊಳಗೆ ತೂರಿಸುವ ಮುಂಚೆ, ಮಳೆನೀರು ಅದನ್ನೇ ಹಿಡಿದು ಒಳಗೆ ಬರಬಾರದೆಂದು ಕೆಳಕ್ಕೆ ಒಂದು ಜೋಲು ಬಿಟ್ಟರು. ಒಂದು ಕೇಬಲ್ಲಿಗೆ ಇಷ್ಟೊಂದು ಜೋಪಾನವೇ ಎಂದು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ ನನಗೆ ಹೊಟ್ಟೆಕಿಚ್ಚಾಯಿತು. ಹತ್ತಿರ ಹೋಗಿ ಆ ಜೋಲಿನ ಮೇಲೆ ಬೆರಳಿಟ್ಟೆ. “ಮುಟ್ಬೇಡ ಪುಟ್ಟಿ,” ಎಂದರು ಅಪ್ಪ. ಇವರೂ ಶುರು ಮಾಡಿದರಲ್ಲ ಎನ್ನಿಸಿತು.

ಆದರೆ ಸೆಟ್ಟು ಹಾಕಿ ಮೈಕು ಹಿಡಿದ ಮೊದಲ ಬೆಳಿಗ್ಗೆ ಅಪ್ಪ ಆಡಿದ ಮೊದಲ ಮಾತು ಬೇರೆಯಾಗಿತ್ತು. ಕನ್ನಡದವರೇ ಸೇರಿ ಮಾತಾಡುವ ಹೊತ್ತೊಂದು ಬೆಳಿಗ್ಗೆ ಇರುತ್ತಿತ್ತು. ಉಳಿದವರೆಲ್ಲ ಅಲ್ಲೂ, ಕೇಳಿಸುತ್ತಿದೆಯೇ ಎನ್ನಲು, ‘ಕಾಪಿ ಆಗ್ತಿದೀನಾ’ ಎನ್ನುತ್ತಿದ್ದರು. ಅಪ್ಪನಿಗೆ ಅದು ಬಾಯಿಗೆ ಬರಲಿಲ್ಲ. ಕಾಗದ ಬರೆಯುವವರ ಹಾಗೆ ಕೇಳಿದರು:

“ನನ್ನ ದನಿ ಮುಟ್ತಾ ಇದೆಯಾ?”

ಗರಗರ ಸದ್ದಿನೊಳಗಿಂದ ಯಾರೋ ಹೇಳಿದರು: “ಚೆನ್ನಾಗಿ ಮುಟ್ತಾ ಇದೆ ಸಾರ್. ಹಾಸನದಿಂದ ಮಾತಾಡ್ತಿದೀನಿ.”

ಮೆಟ್ಟಿಲ ಮೇಲಿದ್ದ ನಾನು ಬೆಚ್ಚಿದೆ. ಕೆಳಗಿನ ಮನೆಯಲ್ಲಿ ಬೈಗುಳವಾಗಿದ್ದ ಪದ ಮೇಲಿನ ಮನೆಯಲ್ಲಿ ಇಷ್ಟು ಸಂತೋಷ ಕೊಡುತ್ತದೆಂದು ನನಗೆ ಗೊತ್ತಿರಲಿಲ್ಲ. ಅಂದಿನಿಂದ ನಾನು ಮೇಲಿನಿಂದ ಎರಡನೆಯ ಮೆಟ್ಟಿಲಿನ ಕಾಯಂ ಗಿರಾಕಿಯಾದೆ. ಹಾಸನದವರು ನಿವೃತ್ತ ಮೇಷ್ಟ್ರು. ಅಪ್ಪ ದಿನವೂ ಅವರೊಡನೆ ಮಾತಾಡುತ್ತಿದ್ದರು. ಚಾಮುಂಡಿಬೆಟ್ಟದ ಮೇಲೆ ಮೋಡ ಕೂತಿದೆ ಎನ್ನುತ್ತಿದ್ದರು. ನಿನ್ನೆ ಹುಳಿಗೆ ಉಪ್ಪು ಜಾಸ್ತಿಯಾಗಿತ್ತು ಎನ್ನುತ್ತಿದ್ದರು. ಅಪ್ಪನ ನಾಲಗೆಗೆ ಅದು ಗೊತ್ತಾಗುತ್ತದೆಂದು ನಮಗೆ ತಿಳಿದದ್ದೇ ಹಾಗೆ. ಒಂದು ದಿನ, ಮಗಳು ಲೆಕ್ಕದಲ್ಲಿ ಚುರುಕು, ಅವಳಮ್ಮನ ಥರ, ಎಂದರು. ನಾನು ಓಡಿಹೋಗಿ ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ಆಮೇಲೆ ಅಳು ಬಂತು. ಒಂದೇ ಸೂರಿನ ಕೆಳಗಿದ್ದ ನನಗೆ ಹೇಳಬೇಕಾದದ್ದನ್ನು ಹಾಸನಕ್ಕೆ ಹೇಳಿದ್ದರು. ಸಂಜೆ ಅವರು ಮನೆಗೆ ಬಂದಾಗ ಬೇಕೆಂದೇ ಲೆಕ್ಕದ ಪುಸ್ತಕ ಹಿಡಿದುಕೊಂಡು ಬಾಗಿಲಲ್ಲಿ ನಿಂತೆ. ಚಪ್ಪಲಿ ಬಿಟ್ಟು, ನನ್ನ ಪಕ್ಕದಿಂದಲೇ ಹಾದು, ಮಹಡಿ ಹತ್ತಿದರು. ಅವರಿಂದ ಒಂದು ಮಾತು ನನಗೆ ನೇರವಾಗಿ ಬರಬೇಕು, ಅದೊಂದು ಬಿಟ್ಟು ಆ ವರ್ಷ ನಾನು ದೇವರಲ್ಲಿ ಇನ್ನೇನನ್ನೂ ಬೇಡಲಿಲ್ಲ.

ಆಷಾಢ ಬಂತು. ಗಾಳಿ, ಮೋಡ, ಆಗಾಗ ಜಿಟಿಜಿಟಿ. ಅಡುಗೆಮನೆಯ ಒಳಗೆ ಎತ್ತರದಲ್ಲಿ ತೂಗುಹಾಕಿದ್ದ ಗಳುವಿನ ಮೇಲೆ ದೊಡ್ಡತ್ತೆಯ ಸೀರೆ ಒಣಗದೆ ಮುಗ್ಗಲು ವಾಸನೆ ಬರತೊಡಗಿತು. ತಾರಸಿಯಲ್ಲಿ ಬಟ್ಟೆ ಒಣಗಿಸುವ ಹಗ್ಗವೇನೋ ಇತ್ತು. ಅದರ ಮೇಲೆ ನನ್ನ ಯೂನಿಫಾರಂ, ಅಪ್ಪನ ಪ್ಯಾಂಟು ಎಲ್ಲ ಬೀಳುವುದರಿಂದ ಅದು ಮಡಿಗೆ ನಡೆಯದು. ಒಂದು ಭಾನುವಾರ ಬೆಳಿಗ್ಗೆ ಬಿಸಿಲು ಇಣುಕಿತು. ಅಪ್ಪ ಕೋಣೆಯಲ್ಲಿ ಮೇಷ್ಟ್ರೊಡನೆ ಮಾತಿಗೆ ಕೂತಿದ್ದರು. ದೊಡ್ಡತ್ತೆ ಒದ್ದೆ ಸೀರೆಯ ಮುದ್ದೆಯನ್ನು ಕೋಲಿನ ತುದಿಯಲ್ಲಿ ಹೊತ್ತು ಮೆಟ್ಟಿಲು ಹತ್ತಿಬಂದರು. ನಾನು ಗೋಡೆಗಂಟಿ ದಾರಿ ಬಿಟ್ಟೆ. ಅವರು ಸುತ್ತಲೂ ನೋಡಿ, ಸೀದಾ ಮೂಲೆಯ ಪೈಪಿನ ಹತ್ತಿರ ಹೋಗಿ, ಕೋಲೆತ್ತಿ, ಆಂಟೆನಾದ ತಂತಿಯ ಮೇಲೆ ಹದಿನಾರು ಮೊಳದ ಸೀರೆಯನ್ನು ಹರವತೊಡಗಿದರು. ತಂತಿ ಜಗ್ಗಿ ಬಿಲ್ಲಿನಂತೆ ಬಾಗಿತು. ಒಳಗೆ ಮಾತು ನಡುವೆಯೇ ನಿಂತಿತು. ಬಾಗಿಲಿಗೆ ಬಂದ ಅಪ್ಪ ನೋಡಿದ್ದು, ಸೀರೆಯ ಮಡಿಕೆ ಬಿಡಿಸಲು ಅಕ್ಕ ತಂತಿಯ ತುದಿಗೆ ಕೈ ಎತ್ತುತ್ತಿರುವುದನ್ನು. ಮಾತು ಕಳಿಸುತ್ತಿರುವಾಗ ಆ ತುದಿ ಕೈ ಸುಡುತ್ತದೆ. ಮೈಕು ಬಿಟ್ಟೊಡನೆ ಅಪಾಯ ಮುಗಿದಿತ್ತು ಎಂದು ಅಪ್ಪನಿಗೆ ಗೊತ್ತಿತ್ತು, ಗಾಬರಿಗೆ ಗೊತ್ತಿರಲಿಲ್ಲ. ಓಡಿ ಹೋಗಿ ಅಕ್ಕನ ಮಣಿಕಟ್ಟು ಹಿಡಿದು ಎಳೆದುಬಿಟ್ಟರು.

“ಮುಟ್ಬಿಟ್ಯಲ್ಲೋ ಸೀನಾ,” ಎಂದರು ದೊಡ್ಡತ್ತೆ. ದನಿ ಏರಿರಲಿಲ್ಲ.

“ಅದು ಬಟ್ಟೆ ಒಣಗ್ಸೋ ತಂತಿ ಅಲ್ಲ ಅಕ್ಕಾ. ಕೈ ಸುಡತ್ತೆ. ಎಷ್ಟು ಸಲ ಹೇಳಿದೀನಿ, ಅದನ್ನ ಯಾರೂ ಮುಟ್ಬಾರ್ದು ಅಂತ.”

“ಅದಕ್ಕೇ ಕಣೋ ಹಾಕಿದ್ದು. ಈ ಮನೇಲಿ ಯಾರೂ ಮುಟ್ಟದೇ ಇರೋದು ಅದೊಂದೇ ಅಂತ ನೀನೇ ಹೇಳಿದ್ಯಲ್ಲ. ಅದಕ್ಕಿಂತ ಮಡಿ ಇನ್ಯಾವ್ದಿದೆ?”

ಅಪ್ಪ ಜಗ್ಗಿದ ತಂತಿಯ ಕಡೆ ತಿರುಗಿದರು. ದೊಡ್ಡತ್ತೆ ಮಾತ್ರ ಕೆಳಗಿಳಿಯುವ ಆತುರ ತೋರಿಸದೆ, ತಮ್ಮ ಹಿಡಿದಿದ್ದ ಮಣಿಕಟ್ಟನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಹೋಗಿ ಮತ್ತೆ ಸ್ನಾನ ಮಾಡಿದರು, ಮಾಡಿಟ್ಟಿದ್ದ ಅನ್ನ ನಮಗೆ ಬಿಟ್ಟು ತಮಗೆ ಬೇರೆ ಅನ್ನಕ್ಕಿಟ್ಟರು, ಅವತ್ತು ಅವರ ಊಟ ಮೂರು ಗಂಟೆಗಾಯಿತು. ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದವರು, ಹೊಸ್ತಿಲಾಚೆ ನಾನಿದ್ದೇನೆಂದು ತಿಳಿದೋ ತಿಳಿಯದೆಯೋ ಒಂದು ಮಾತು ಹೇಳಿದರು.

“ಸೀನನ ಕೈ ನಮ್ಮಮ್ಮನ ಕೈ ಥರಾನೇ ಇದೆ ಕಣೆ. ನಂಗೆ ಗೊತ್ತೇ ಇರಲಿಲ್ಲ.”

ನನಗೆ ಅವರ ಮೇಲಿದ್ದ ಸಿಟ್ಟು ಅವತ್ತು ಅರ್ಧ ಇಳಿಯಿತು. ಮಿಕ್ಕ ಅರ್ಧ ಇನ್ನೂ ಸ್ವಲ್ಪ ಇದೆ.

ಆಂಟೆನಾವನ್ನು ಮೇಲಕ್ಕೇರಿಸದೆ ವಿಧಿಯಿರಲಿಲ್ಲ. ಮೂಲೆಯ ಪೈಪಿಗೆ ಎತ್ತರದ ಬಿದಿರು ಕಟ್ಟಿ, ತಂತಿಯ ತುದಿ ಯಾವ ಮಡಿಕೋಲಿಗೂ ಎಟುಕದ ಹಾಗೆ ಮಾಡುವುದೆಂದು ಅಪ್ಪ ತೀರ್ಮಾನಿಸಿದರು. ಅದೇ ವಾರ ನಾನು ದೊಡ್ಡವಳಾದೆ. ಶಾಲೆಯಿಂದ ಬಂದು ಹೇಳಿದ ನನ್ನನ್ನು ದೊಡ್ಡತ್ತೆ ಹಿತ್ತಲಲ್ಲೇ ನಿಲ್ಲಿಸಿದರು. ಬಟ್ಟೆ, ಚಾಪೆ, ಚೊಂಬು ದೂರದಿಂದ ಇಟ್ಟರು. ಏನು, ಯಾಕೆ, ಎಷ್ಟು ದಿನ ಎಂದೆಲ್ಲ ಗೋಡೆ ನೋಡಿಕೊಂಡು ವಿವರಿಸಿದರು. ನಡುವೆ ಒಮ್ಮೆ, “ನಿಮ್ಮಮ್ಮ ಇದ್ದಿದ್ರೆ ಇದೆಲ್ಲ ನಾನ್ಯಾಕೆ ಹೇಳ್ಬೇಕಿತ್ತು,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಕೊನೆಗೆ ಬಂದದ್ದು ಅದೇ ಮಾತು:

“ಮೂರು ದಿನ ಯಾರನ್ನೂ ಮುಟ್ಬೇಡ. ಮೇಲಿನ ಕೋಣೇಲಿರು.”

ಹಾಗೆ ಅಮ್ಮನ ಹೊಲಿಗೆಯ ಕೋಣೆ, ಅಪ್ಪನ ರೇಡಿಯೋ ಕೋಣೆ, ನನ್ನದಾಯಿತು. ದೊಡ್ಡತ್ತೆ ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡಿ ತಂದರು. ಚಾಚಿದ ನನ್ನ ಅಂಗೈಗೆ ಮೇಲಿನಿಂದ ಒಂದೊಂದೇ ಉಂಡೆ ಬಿಟ್ಟರು. ಕಾಂಪೌಂಡಿನಾಚೆಯಿಂದ ಕೆಂಪಮ್ಮ, “ಬಾ ಮಗ, ಆರತಿ ಮಾಡಿ ದೃಷ್ಟಿ ತೆಗ್ದುಬುಡ್ತೀನಿ,” ಎಂದು ಕೂಗಿದಳು, ಹೋಗುವಂತಿರಲಿಲ್ಲ. ನನ್ನ ಬಳಿಯಿದ್ದದ್ದು ಆರಿಸಿದ ಸೆಟ್ಟು ಮತ್ತು ಮೇಜಿನ ಕೆಳಗಿನ ಹೊಲಿಗೆಯಂತ್ರದ ಪೆಡಲು. ಕುರ್ಚಿಯಲ್ಲಿ ಕೂತು ಸುಮ್ಮನೆ ಪೆಡಲು ತುಳಿಯುತ್ತಿದ್ದೆ. ಏನನ್ನೂ ಹೊಲಿಯದೆ ಚಕ್ರ ತಿರುಗುತ್ತಿತ್ತು. ಅಮ್ಮನ ಪಾದ ಸವೆಸಿದ ಕಡೆ ಕಬ್ಬಿಣ ನುಣುಪಾಗಿತ್ತು. ಅಷ್ಟು ಒಬ್ಬಂಟಿತನವನ್ನು ಆಮೇಲೆ ನಾನು ಕಂಡಿಲ್ಲ.

ಎರಡನೆಯ ದಿನ ಭಾನುವಾರ. ಅಪ್ಪ ಬೆಳಿಗ್ಗೆಯೇ ಬಂದು ಕೋಣೆಯ ಕಡೆ ನೋಡದೆ ಬಿದಿರು ನಿಲ್ಲಿಸಿ, ತಂತಿ ಎಳೆದು ಕಟ್ಟಿದರು. ಆಮೇಲೆ ಕಿಟಕಿಯ ಹತ್ತಿರ ಬಂದು ನಿಂತರು. ಎತ್ತರ ಬದಲಾದರೆ ತಂತಿಯ ಉದ್ದವನ್ನೂ ಹೊಸದಾಗಿ ಹೊಂದಿಸಬೇಕು. ಅದಕ್ಕೆ ಒಳಗೆ ಕೂತು ಮೀಟರು ನೋಡುವವರೊಬ್ಬರು ಬೇಕು. ಒಳಗಿದ್ದವಳು ನಾನೊಬ್ಬಳೇ.

“ಪುಟ್ಟಿ, ಆ ಕಪ್ಪು ಕೇಬಲ್‌ನ ತುದಿ ಸೆಟ್ಟಿನ ಹಿಂದೆ ತಿರುಪಿ ಕೂರಿಸ್ತೀಯಾ?”

“ಮುಟ್ಬಹುದಾ ಅಪ್ಪಾ?”

“ಮುಟ್ಟು,” ಎಂದರು.

ಆಮೇಲೆ ಕಿಟಕಿಯ ಸರಳು ಹಿಡಿದು ಮೀಟರು ತೋರಿಸಿ ವಿವರಿಸಿದರು. “ನಾವು ಕಳ್ಸಿದ್ರಲ್ಲಿ ಎಷ್ಟು ಹೊರಗೆ ಹೋಗ್ದೇ ನಮಗೇ ವಾಪಸ್ ಬರತ್ತೆ ಅಂತ ಇದು ತೋರ್ಸತ್ತೆ. ಮುಳ್ಳು ಎಡಕ್ಕೆ ಬಂದಷ್ಟೂ ಒಳ್ಳೇದು. ತಂತಿ ಉದ್ದ ಸರಿ ಇಲ್ದಿದ್ರೆ ಎಷ್ಟು ಕೂಗಿದ್ರೂ ಮಾತು ಮನೆಯಾಚೆ ಹೋಗಲ್ಲ.” ಒಂದೇ ಉಸಿರಿಗೆ ಅವರು ನನ್ನೊಡನೆ ಇಷ್ಟು ಮಾತಾಡಿದ್ದು ಅದೇ ಮೊದಲು. ಕೇಬಲ್ಲಿಗೆ ಸಂಬಂಧಿಸಿದ ಮಾತಾದರೇನು, ನನಗೇ ಹೇಳಿದ್ದಲ್ಲವೇ. ಅವರು ತಂತಿಯ ತುದಿಯನ್ನು ಇಳಿಸಿ ಸ್ವಲ್ಪ ಕತ್ತರಿಸುತ್ತಿದ್ದರು, ಮತ್ತೆ ಏರಿಸಿ ದೂರ ಸರಿದು ‘ಹೂಂ’ ಎನ್ನುತ್ತಿದ್ದರು, ನಾನು ಗುಂಡಿ ಒತ್ತಿ ಮುಳ್ಳು ಓದುತ್ತಿದ್ದೆ. ಕೆಂಪಮ್ಮನ ಕಡೆಯ ತೋಳನ್ನೂ ಅಷ್ಟೇ ಕತ್ತರಿಸಬೇಕಾದ್ದರಿಂದ, ಮರದ ಹಗ್ಗವನ್ನು ಅವಳೇ ಕೆಳಗಿನಿಂದ ಸಡಿಲಿಸಿ ಬಿಗಿಯುತ್ತಿದ್ದಳು.

“ಎಷ್ಟಿದೆ ಪುಟ್ಟಿ?”

“ಇನ್ನೂ ನಡುವೆನೇ ಇದೆ ಅಪ್ಪಾ.”

“ಈಗ?”

“ಇಳೀತು. ಇನ್ನೊಂಚೂರು.”

ಕತ್ತರಿಸಿದ ತಾಮ್ರದ ಚೂರುಗಳು ತಾರಸಿಯ ಮೇಲೆ ಮಿಂಚುತ್ತಾ ಬಿದ್ದಿದ್ದವು. ಕೆಲಸ ಬೇಗ ಮುಗಿಯದಿರಲಿ ಎಂದು ಹಾರೈಸುತ್ತಲೇ ನಾನು ಸುಳ್ಳು ಹೇಳದೆ ಮುಳ್ಳು ಓದಿದೆ. ಕೊನೆಗೆ ಅದು ಎಡಕ್ಕೆ ಹೋಗಿ ಒರಗಿತು. ಅಪ್ಪ ಕಿಟಕಿಗೆ ಬಂದು ಕೈ ಒಡ್ಡಿದರು. ನಾನು ಮೈಕಿನ ಸುರುಳಿ ವೈರು ಎಳೆದು ಸರಳಿನ ನಡುವಿನಿಂದ, ಕೈಗೆ ಕೈ ತಾಗದಂತೆ, ಅವರ ಅಂಗೈಗೆ ಬಿಟ್ಟೆ, ಚಿಗಳಿಯ ಹಾಗೆ. ಅವರು ಹೊರಗೆ ನಿಂತು ಕರೆದರು. ಹಾಸನದ ಮೇಷ್ಟ್ರು ಸಿಕ್ಕರು. ನನ್ನ ದನಿ ಮುಟ್ತಾ ಇದೆಯಾ ಎಂದರೆ, ಹಿಂದೆಂದೂ ಇಷ್ಟು ಚೆನ್ನಾಗಿ ಮುಟ್ಟಿರಲಿಲ್ಲ ಎಂದರು.

“ಮೀಟರು ನೋಡಿದ್ದು ನನ್ನ ಮಗಳು ಮೇಷ್ಟ್ರೇ,” ಎಂದರು ಅಪ್ಪ. ಆಮೇಲೆ ನನ್ನ ಕಡೆಗಲ್ಲ, ತೆಂಗಿನಮರದ ಕಡೆ ನೋಡುತ್ತಾ, “ಎರಡು ವರ್ಷ ಆಯ್ತು ಅವಳಮ್ಮ ಹೋಗಿ. ಇವಳ ಹತ್ರ ಹೇಗೆ ಮಾತಾಡ್ಬೇಕು ಅಂತಾನೇ ನಂಗೆ ಗೊತ್ತಾಗಲ್ಲ. ಮುಖ ನೋಡಿದ್ರೆ ಅವಳೇ ಕಾಣ್ತಾಳೆ. ಅದಕ್ಕೇ ಬೇಗ ಮೆಟ್ಲು ಹತ್ಬಿಡ್ತೀನಿ,” ಎಂದರು.

ಗರಗರ ಸದ್ದಿನೊಳಗಿಂದ ಮೇಷ್ಟ್ರು ಕೇಳಿದರು: “ಮಗು ಎಲ್ಲಿದೆ ಈಗ?”

“ಇಲ್ಲೇ ಇದೆ. ಕೇಳಿಸ್ಕೋತಾ ಇದೆ.”

“ಹಾಗಿದ್ರೆ ಇದು ನಂಗೆ ಮುಟ್ಬೇಕಾದ ಮಾತಲ್ಲ ಸಾರ್. ನಾನು ಸೆಟ್ಟು ಆರಿಸ್ತೀನಿ. ನಮಸ್ಕಾರ.”

ಅಪ್ಪ ಮೈಕು ಹಿಡಿದುಕೊಂಡೇ ನಿಂತಿದ್ದರು. ಮಾತಾಡಲು ಯಾರೂ ಇರಲಿಲ್ಲ, ನನ್ನನ್ನು ಬಿಟ್ಟರೆ. ನಾನು ತಲೆ ತಗ್ಗಿಸಿ ಪೆಡಲಿನ ಮೇಲಿದ್ದ ನನ್ನ ಪಾದ ನೋಡುತ್ತಿದ್ದೆ. ಅವರು ಮೈಕನ್ನು ಕಿಟಕಿಯ ಮೇಲಿಟ್ಟು ಸುತ್ತಿ ಬಂದರು. ಬಾಗಿಲಲ್ಲಿ ಸ್ವಲ್ಪ ತಡೆದರು. ಆಮೇಲೆ ಒಳಗೆ ಬಂದು, ನನ್ನ ಚಾಪೆಯ ಮೇಲೆ ಕೂತು, ನನ್ನನ್ನೂ ಪಕ್ಕಕ್ಕೆ ಎಳೆದುಕೊಂಡು ತಲೆಯ ಮೇಲೆ ಕೈಯಿಟ್ಟರು. ಬೆಸುಗೆಯ ವಾಸನೆಯ, ತಂತಿ ಗೀರಿದ, ಒರಟು ಕೈ. ಕತ್ತರಿಸಿದ ಕೂದಲಿನ ತುದಿಗಳನ್ನು ಬೆರಳಿನಿಂದ ನೋಡುತ್ತಾ ಹೇಳಿದರು:

“ಇದನ್ನ ಇನ್ಮೇಲೆ ಬೆಳೆಯಕ್ಕೆ ಬಿಡು ಪುಟ್ಟಿ. ಜಡೆ ಹಾಕೋದು ಕಲೀತೀನಿ.”

ಅಷ್ಟರಲ್ಲಿ ಮೆಟ್ಟಿಲ ಬುಡದಿಂದ ದೊಡ್ಡತ್ತೆಯ ದನಿ ಬಂತು.

“ಸೀನಾ, ಎಲೆ ಹಾಕಿದೆ, ಇಳಿದು ಬಾರೋ. ಅವಳನ್ನ ಮುಟ್ಟಿಲ್ಲ ತಾನೆ?”

ಅಪ್ಪ ಕೈ ತೆಗೆಯಲಿಲ್ಲ.

“ಮುಟ್ಟಿದೀನಿ ಅಕ್ಕಾ. ನಂಗೂ ಇಲ್ಲಿಗೇ ಬಡಿಸ್ಕೊಂಡು ಬಾ.”

ಸ್ವಲ್ಪ ಹೊತ್ತಿಗೆ ಕೆಳಗೆ ಅಡುಗೆಮನೆಯ ಗೂಡಿನಿಂದ ಇನ್ನೊಂದು ತಟ್ಟೆ ಇಳಿಸಿದ ಸಪ್ಪಳ ಕೇಳಿಸಿತು.